ರೇಡಿಯೇಟರಿಗೆ ಹಾಕಿದ ಅರಿಶಿನ

ಕಳೆದ ಭಾನುವಾರ ನಮ್ಮ ಅಂಗಳದಲ್ಲಿ, ಕಾರಿನ ಕೆಳಗಿನಿಂದ ನಿಮ್ಮ ಅಪ್ಪನ ಎರಡು ಕಾಲುಗಳು ಮಾತ್ರ ಕಾಣುತ್ತಿದ್ದವು. ಕಾದ ಕಬ್ಬಿಣದ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಅದು ಅಡುಗೆಮನೆಯವರೆಗೂ ಬಂತು. ಸಿರಿ, ನೀನು ಓಡಿ ಬಂದು, "ಅಜ್ಜಿ, ಅಪ್ಪಗ ನೀನರ ಹೇಳು. ಊರ ಮಂದಿಗೆಲ್ಲ ಷೋರೂಮಿಗೆ ತರ್ರಿ ಅಂತಾನ, ನಮ್ಮ ಗಾಡಿ ಮಾತ್ರ ತಾನೇ ಬಿಚ್ಚಿಕೊಂಡು ಕುಂದರ್ತಾನ" ಎಂದೆ. ತೇಜು, ನೀನು ಅಪ್ಪನ ಪಕ್ಷ. "ಮನ್ಯಾಗ ಮಾಡಿದ್ರ ಏನಾಗ್ತದ?" ಎಂದು ಕೇಳಿದೆ. ಒಲೆಯ ಮೇಲೆ ಏನೂ ಇಲ್ಲದಿದ್ದರೂ ನಾನು ಹಾಲು ಉಕ್ಕುತ್ತದೆ ಎಂದು ಹೇಳಿ ಒಳಗೆ ಹೋದೆ. ಮನೆಯಲ್ಲಿ ಮಾಡಿದರೆ ಏನಾಗುತ್ತದೆ ಎಂದು ಈ ಮನೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಎದುರು ನಿಂತು ಹೇಳಲು ನಾಚಿಕೆಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ನಾಚಿಕೆ ಸಣ್ಣದಲ್ಲ ಮಕ್ಕಳೇ. ಸಂಡೂರಿನ ಕಡೆ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಹೆಸರು ಕೇಳಿದರೆ ನಾನು ಪಕ್ಕದ ಹುಡುಗಿಯ ಮುಖ ನೋಡುತ್ತಿದ್ದೆ. ನನ್ನ ಹೆಸರನ್ನು ಅವಳೇ ಹೇಳುತ್ತಿದ್ದಳು. ಮದುವೆಯಾದ ಮೇಲೆ ಒಮ್ಮೆ ಬಸ್ಸಿನಲ್ಲಿ "ನಿಲ್ಲಿಸಿ" ಎಂದು ಕಂಡಕ್ಟರಿಗೆ ಹೇಳಲಾಗದೆ, ಇಳಿಯಬೇಕಾದ ಊರು ದಾಟಿ ಕುರೆಕುಪ್ಪದವರೆಗೂ ಹೋಗಿಬಿಟ್ಟೆ. ಅಲ್ಲಿ ಬೇರೆಯವರೆಲ್ಲ ಇಳಿದರೆಂದು ನಾನೂ ಇಳಿದೆ.

ನಿಮ್ಮ ಅಜ್ಜನಿಗೆ ತುಂಗಭದ್ರಾ ಡ್ಯಾಮಿನ ಕಾಲುವೆ ಕಚೇರಿಯಲ್ಲಿ ನೀರಿನ ಮಟ್ಟ ಅಳೆದು ಬರೆಯುವ ಕೆಲಸ. ಈಗ ಅಂಗಳದಲ್ಲಿರುವ ಈ ಕಾರನ್ನು ಅವರು ಕೊಂಡಾಗಲೇ ಅದು ಮೂರು ಮನೆ ಕಂಡಿತ್ತು. ಅದನ್ನು ಮೆಕ್ಯಾನಿಕ್ಕಿಗೆ ಒಯ್ಯುವುದೆಂದರೆ ಅವರಿಗೆ ಅಪಮಾನ. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಸಾಬೂನು ಮೆತ್ತುತ್ತಿದ್ದರು. ವೈಪರ್ ಕೆಟ್ಟಾಗ ಅದಕ್ಕೆ ನನ್ನ ಲಂಗದ ಎರಡು ಲಾಡಿ ಕಟ್ಟಿ, ಎಡಗಡೆಯದನ್ನು ನನ್ನ ಕೈಗೂ ಬಲಗಡೆಯದನ್ನು ನಿಮ್ಮ ಅಮ್ಮನ ಕೈಗೂ ಕೊಟ್ಟರು. ಮಳೆಯಲ್ಲಿ ನಾವಿಬ್ಬರೂ ಮಜ್ಜಿಗೆ ಕಡೆದಂತೆ ಎಳೆಯುತ್ತಿದ್ದೆವು. ಮಳೆ ಜೋರಾದರೆ "ಜಲ್ದಿ, ಜಲ್ದಿ!" ಎನ್ನುತ್ತಿದ್ದರು. ಹೊಸಪೇಟೆಯಿಂದ ಕಮಲಾಪುರ ಮುಟ್ಟುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತಿತ್ತು. ಆದರೂ ಇಳಿದ ಮೇಲೆ ಅವರು ಬಾನೆಟ್ಟನ್ನು ಎರಡು ಸಲ ತಟ್ಟಿ, "ನೋಡಿದ್ಯಾ, ಕಂಪನಿಯವರಿಗೆ ಇದು ಹೊಳೀತಿತ್ತಾ?" ಎನ್ನುತ್ತಿದ್ದರು. ಹೊಳೆಯುತ್ತಿರಲಿಲ್ಲ, ಅದು ನಿಜ.

ಅಂಥ ಮನುಷ್ಯನ ಮಗಳನ್ನು ನೋಡಲು ಬಂದದ್ದು ಯಾರು? ಹೊಸಪೇಟೆಯ ಒಂದು ಕಾರು ಷೋರೂಮಿನಲ್ಲಿ, ಅದೂ ರಿಪೇರಿ ವಿಭಾಗದಲ್ಲಿ ಕೆಲಸ ಮಾಡುವ ಕಂಪ್ಲಿಯ ಹುಡುಗ ವೀರೇಶ. ಅಂದರೆ ನಿಮ್ಮ ಅಪ್ಪ. ಅದಕ್ಕೂ ಮೊದಲು ಬಂದ ನಾಲ್ಕು ಹುಡುಗರನ್ನು ನಿಮ್ಮ ಅಮ್ಮ ರೇಣುಕಾ ಒಲ್ಲೆ ಎಂದಿದ್ದಳು. ಇವನು ಬಂದು ಹೋದ ಮೇಲೆ ಒಲ್ಲೆ ಎನ್ನಲಿಲ್ಲ. ಮೂರು ದಿನ ಅನ್ನಕ್ಕೆ ಉಪ್ಪು ಹಾಕುವುದನ್ನು ಮರೆತಳು. ಇನ್ನು ಉಳಿದದ್ದು ನಾವು ಕಂಪ್ಲಿಗೆ ಹೋಗಿ ಅವರ ಮನೆ ನೋಡುವುದು. ಹಿರಿಯರಿಗೆ ಸರಿ ಬಂದರೆ ಅಲ್ಲೇ ತಾಂಬೂಲ ಬದಲಾಯಿಸುವುದು.

ಹೋಗುವ ಎರಡು ದಿನ ಮೊದಲು ಕಾರಿನ ಕೆಳಗೆ ನೀರು ತೊಟ್ಟಿಕ್ಕತೊಡಗಿತು.

"ಅಪ್ಪಾ, ಷೋರೂಮಿಗೆ ಕೊಡು, ಸಂಜಿಗೆ ಕೊಡ್ತಾರ" ಎಂದಳು ರೇಣುಕಾ.

"ಯಾವ ಷೋರೂಮಿಗೆ? ಅಳಿಯ ಆಗೋನ ಮುಂದ ನನ್ನ ಗಾಡಿ ಹೊಟ್ಟಿ ಬಿಚ್ಚಾಕ ಕೊಡ್ಲಾ? ನಾಳೆ ಅವ, ನಿಮ್ಮಪ್ಪನ ಗಾಡ್ಯಾಗ ಸಾಬೂನು ಇತ್ತು ಅಂತ ನಿನಗ ಆಡಿ ತೋರಿಸ್ತಾನ."

"ಅವರು ಹಂಗ ಅನ್ನಾದಿಲ್ಲ."

"ಹ್ಞಾಂ! ಇವಾಗ್ಲೇ ಅವರು ಏನು ಅಂತಾರ, ಏನು ಅನ್ನಾದಿಲ್ಲ ಅಂತ ಗೊತ್ತಾಗೈತೇನು ನಿನಗ?"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಸೊಪ್ಪು ಸೋಸುತ್ತಿದ್ದೆ. ಇಬ್ಬರಿಗೂ ತಲೆಯಾಡಿಸಿದೆ.

ರೇಡಿಯೇಟರಿನ ಸಣ್ಣ ತೂತಿಗೆ ಅರಿಶಿನ ಹಾಕಿದರೆ ಅದು ಉಬ್ಬಿ ತೂತನ್ನು ಮುಚ್ಚುತ್ತದೆ ಎಂದು ಲಾರಿ ಡ್ರೈವರುಗಳು ನಿಮ್ಮ ಅಜ್ಜನಿಗೆ ಹೇಳಿಕೊಟ್ಟಿದ್ದರು. ಅವರು ನನ್ನಿಂದ ಅರಿಶಿನದ ಡಬ್ಬಿ ಇಸಿದುಕೊಂಡು ಒಂದೇ ಒಂದು ಚಮಚ ಅಳೆದು ಹಾಕಿದರು. ಕಾಲುವೆಯ ನೀರನ್ನು ಅಂಗುಲದ ಲೆಕ್ಕದಲ್ಲಿ ಅಳೆಯುವವರ ಕೈ ಅದು. ನನ್ನದು ಅಡುಗೆ ಮಾಡುವವಳ ಕೈ. ನಾಲ್ಕು ಮಂದಿಯ ಸಾರಿಗೆ ಅರ್ಧ ಚಮಚ ಬೇಕು, ಅಷ್ಟು ದೊಡ್ಡ ಪಾತ್ರೆಗೆ ಒಂದು ಚಮಚ ಎಲ್ಲಿ ಸಾಕಾಗುತ್ತದೆ? ಬಾಯಿಬಿಟ್ಟು ಕೇಳಲು ಸಂಕೋಚ. ಹೊರಡುವ ದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಸದ್ದಿಲ್ಲದೆ ಬಾನೆಟ್ ಎತ್ತಿ ಮೂರು ಮುಷ್ಟಿ ಹಾಕಿದೆ. ಮಗಳ ಕೆಲಸ ನೋಡಿ, ಕೈ ಧಾರಾಳವಾಗಿಯೇ ಇತ್ತು.

ರೇಣುಕಾಳನ್ನು ಮನೆಯಲ್ಲೇ ಬಿಟ್ಟು ನಾವಿಬ್ಬರೇ ಹೊರಟೆವು. ಕಮಲಾಪುರ ದಾಟಿ ಕಬ್ಬಿನ ಗದ್ದೆಗಳ ನಡುವೆ ಹೋಗುವಾಗ ಬಾನೆಟ್ಟಿನಿಂದ ಹೊಗೆ ಎದ್ದಿತು. "ತೂತು ಮುಚ್ಚೈತಿ, ಒಂದು ಹನಿ ಸೋರಿಲ್ಲ, ಮತ್ಯಾಕ ಕಾಯಾಕ ಹತ್ತೈತಿ ಇದು?" ಎಂದು ನಿಮ್ಮ ಅಜ್ಜ ತಲೆ ಕೆರೆದುಕೊಂಡರು. ನಾನು ಕಿಟಕಿಯಿಂದ ಕಬ್ಬು ನೋಡಿದೆ. ಆ ದಿನ ನಾನು ಕಬ್ಬು ನೋಡಿದಷ್ಟು ಬೆಳೆದವರೂ ನೋಡಿರಲಿಕ್ಕಿಲ್ಲ. ನಿಲ್ಲಿಸಿ ನಿಲ್ಲಿಸಿ, ಹೇಗೋ ಕಂಪ್ಲಿ ಮುಟ್ಟಿದೆವು.

ಬೀಗರ ಮನೆ ಒಳ್ಳೆಯ ಮನೆ. ಊಟವಾಯಿತು, ಎಲ್ಲರಿಗೂ ಎಲ್ಲವೂ ಒಪ್ಪಿಗೆಯಾಯಿತು. ವೀರೇಶನ ಸೋದರತ್ತೆ ಗಂಗಮ್ಮ ಒಳಗೆ ತಾಂಬೂಲದ ತಟ್ಟೆ ಜೋಡಿಸುತ್ತಿದ್ದರು. ಅಷ್ಟರಲ್ಲಿ ನಿಮ್ಮ ಅಜ್ಜ ಗಾಡಿ ತಣ್ಣಗಾಯಿತೇನೋ ನೋಡಿ ಬರುತ್ತೇನೆಂದು ಎದ್ದರು. ಕಾರು ಅವರ ಹೊಸ್ತಿಲಿಗೆ ಮುಖ ಮಾಡಿ ನಿಂತಿತ್ತು.

"ನಾನು ನೋಡ್ಲೇನ್ರಿ?" ಎಂದ ವೀರೇಶ.

"ನೀವು ಕುಂದ್ರಿ. ನನ್ನ ಗಾಡಿ ನನಗ ಗೊತ್ತು" ಎಂದು ಇವರು ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು, ವೀರೇಶನ ಅಪ್ಪನನ್ನೇ ಕರೆದರು. "ಬೀಗರ, ನಾನು ಸ್ಟಾರ್ಟ್ ಮಾಡ್ತೀನಿ, ಒಳಗ ನೀರು ತಿರಗತೈತಾ ಇಲ್ಲಾ ಸ್ವಲ್ಪ ಬಗ್ಗಿ ನೋಡ್ರಿ."

ಬೀಗರು ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಬಗ್ಗಿ ನೋಡಿದರು. ಇವರು ಆಕ್ಸಿಲೇಟರ್ ಒತ್ತಿದರು. ಒಳಗಿನ ದಾರಿಯೆಲ್ಲ ಅರಿಶಿನ ಕಟ್ಟಿಕೊಂಡು ನೀರು ತಿರುಗಲಿಲ್ಲ, ಎದ್ದಿತು. ದಪ್ಪ ಹಳದಿ ನೀರು ಬೀಗರ ಎದೆಯ ಮೇಲೆ ಬಿದ್ದು, ಪಂಚೆ ತೋಯಿಸಿ, ಹೊಸ್ತಿಲ ಮುಂದೆ ಮಡುಗಟ್ಟಿತು. ಅಷ್ಟು ಹೊತ್ತಿಗೆ ಉಗುರು ಬೆಚ್ಚಗಾಗಿತ್ತು, ಅದು ನಮ್ಮ ಪುಣ್ಯ. ಬಂಪರಿಗೆ ಕಟ್ಟಿದ್ದ ಲಿಂಬೆಹಣ್ಣು, ಮೆಣಸಿನಕಾಯಿ ಆ ರಭಸಕ್ಕೆ ಹರಿದು, ಹಳದಿ ನೀರಿನಲ್ಲಿ ತೇಲುತ್ತಾ ಹೋಗಿ ಸರಿಯಾಗಿ ಹೊಸ್ತಿಲ ನಡುವೆ ನಿಂತವು.

ಗಂಗಮ್ಮ ತಟ್ಟೆ ಹಿಡಿದು ಹೊರಗೆ ಬಂದದ್ದು ಆಗಲೇ.

"ಅಯ್ಯಯ್ಯೋ! ಅರಿಶಿಣ ನೀರು, ಲಿಂಬಿಹಣ್ಣು, ಮೆಣಸಿನಕಾಯಿ! ಹೊಸ್ತಿಲಕ್ಕ ಬಂದು ಮಾಟ ಮಾಡಿಸ್ಯಾರಲ್ಲೋ ಯಪ್ಪಾ!"

ಬೀಗರು ಕಣ್ಣು ಒರೆಸಿಕೊಂಡು, "ಏನ್ರೀ ಇದು? ಗಾಡಿಗೆ ನೀರು ಹಾಕ್ತೀರೋ ಏನು ಸಾರು ಹಾಕ್ತೀರೋ?" ಎಂದರು.

"ತೂತಿಗೆ ಅಂತ ಚೂರು ಅರಿಶಿಣ ಹಾಕಿದ್ದೆ. ಒಂದೇ ಚಮಚರೀ, ದೇವರಾಣಿ!"

"ಒಂದು ಚಮಚಕ್ಕ ಓಣಿ ಹಳದಿ ಆಗ್ತದೇನು? ನಾನೂ ಅಡಗಿ ಮಾಡಿ ಮುದಿಕಿ ಆಗೀನಿ" ಎಂದು ಗಂಗಮ್ಮ ತಟ್ಟೆಯನ್ನು ಸೆರಗಿನೊಳಗೆ ಎಳೆದುಕೊಂಡರು. "ಇಷ್ಟು ಸುಳ್ಳು ಹೇಳೋರ ಮನಿ ಹೆಣ್ಣು ನಮಗ ಬ್ಯಾಡೋ ವೀರೇಶ."

ನಿಮ್ಮ ಅಜ್ಜ ಜನ್ಮದಲ್ಲಿ ಅಳತೆ ತಪ್ಪಿ ಬರೆದವರಲ್ಲ. ಸುಳ್ಳು ಎಂದ ಕೂಡಲೇ ಅವರ ಮುಖ ಸಣ್ಣದಾಯಿತು. ಮನೆಯಲ್ಲಿ ರೇಣುಕಾ ಬಾಗಿಲಲ್ಲೇ ಕಾಯುತ್ತಿರುತ್ತಾಳೆ ಎಂಬುದೂ ನನಗೆ ನೆನಪಾಯಿತು. ನಾನು ಕಂಬದ ಹಿಂದಿನಿಂದ ಹೊರಗೆ ಬಂದೆ.

"ನಾನ್ರೀ! ನಾನು ಹಾಕೀನಿ! ಮೂರು ಮುಷ್ಟಿ!"

ಆ ದನಿ ನನ್ನದೇ ಎಂದು ನನಗೇ ತಿಳಿಯಲಿಲ್ಲ. ಎದುರು ಮನೆಯವರು ಕಿಟಕಿ ತೆರೆದರು. ಒಮ್ಮೆ ತೆರೆದ ಬಾಯಿ ಮುಚ್ಚಲೂ ಇಲ್ಲ. "ಅಷ್ಟು ದೊಡ್ಡ ಪಾತ್ರಿಗೆ ಒಂದು ಚಮಚ ಏನಾಗ್ತದ ಅಂತ, ಇವರು ಸ್ನಾನಕ್ಕ ಹೋದಾಗ ಹಾಕಿದೆ. ಇವರಿಗೆ ಗೊತ್ತೇ ಇಲ್ಲ. ಮಾಟ ನನಗೆಲ್ಲಿ ಬರ್ತದವ್ವಾ? ನನಗ ಹುಳಿ ಮಾಡಾಕ ಬರ್ತದ ಅಷ್ಟ!"

ವೀರೇಶ ನಿಧಾನಕ್ಕೆ ಹೋಗಿ ಬಾನೆಟ್ಟಿನೊಳಗೆ ಬಗ್ಗಿದ. ಬೆರಳು ಅದ್ದಿ ಮೂಸಿ ನೋಡಿದ. ರೋಗಿಯನ್ನು ಕೇಳುವ ಡಾಕ್ಟರಂತೆ ಗಂಭೀರವಾಗಿ ನನ್ನನ್ನು ಕೇಳಿದ: "ಅತ್ತೀ, ಉಪ್ಪು-ಹುಣಸಿಹಣ್ಣು ಏನೂ ಹಾಕಿಲ್ಲ ಹೌದಲ್ರೀ?"

"ಇಲ್ಲಪ್ಪಾ. ಡಬ್ಬಿ ಬಾಜೂಕ ಇತ್ತು ನೋಡು, ಚೂರು ಇಂಗು ಬಿದ್ದಿರಬೇಕು."

ಮೊದಲು ನಕ್ಕವರು ಎದುರು ಮನೆಯ ಕಿಟಕಿಯವರು. ಗಂಗಮ್ಮ ನಗಲಿಲ್ಲ, ಅವರ ಕಿವಿ ಬೇರೆಲ್ಲೋ ನಿಂತಿತ್ತು. "ಏನಂದಿ ನೀನು? ಅತ್ತೀ ಅಂದ್ಯಾ? ತಟ್ಟಿ ಇನ್ನೂ ನನ್ನ ಕೈಯಾಗ ಐತಿ, ಇವಾಗ್ಲೇ ಆಕಿ ನಿನಗ ಅತ್ತಿ ಆದಳೇನಲೇ?"

ವೀರೇಶನ ಕಿವಿ ಕೆಂಪಾಯಿತು. ಬೀಗರು ತಮ್ಮ ಪಂಚೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿಕೊಂಡು ಹೇಳಿದರು: "ತಟ್ಟಿ ಇತ್ಲಾಗ ತಾ ಗಂಗವ್ವ. ನನಗಂತೂ ಅರಿಶಿಣ ಹಚ್ಚೋದು ಮುಗೀತು. ಇನ್ನ ಹುಡುಗಗ ಹಚ್ಚಾದೊಂದು ಬಾಕಿ."

ನಾವು ಬಸ್ಸಿನಲ್ಲಿ ಮನೆಗೆ ಬಂದೆವು. ಕಾರು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಸೀದಾ ಷೋರೂಮಿಗೆ ಹೋಯಿತು. ಅಲ್ಲಿಯವರು ಅದನ್ನು ಬಿಚ್ಚುವಾಗ ನಿಮ್ಮ ಅಜ್ಜ ಗಾಜಿನ ಈಚೆ, ಆಪರೇಷನ್ನಿಗೆ ಮನೆಯವರನ್ನು ಕಳಿಸಿದವರಂತೆ ಕೂತಿದ್ದರು. ಆಮೇಲೆ ವಿಚಿತ್ರವಾಯಿತು. ಅವರಿಗೆ ಷೋರೂಮಿನ ಗಾಜು, ತಣ್ಣನೆ ಗಾಳಿ, ಪುಕ್ಕಟೆ ಚಹಾ ರುಚಿ ಹತ್ತಿ, ಚಕ್ರಕ್ಕೆ ಗಾಳಿ ತುಂಬಿಸಲೂ ಅಲ್ಲಿಗೇ ಹೋಗತೊಡಗಿದರು. ನಿಮ್ಮ ಅಪ್ಪನಿಗೆ ಮಾವನ ಸಾಬೂನಿನ ವಿದ್ಯೆ ಹಿಡಿಸಿ, ಭಾನುವಾರ ಬಂದರೆ ಗಾಡಿ ಬಿಚ್ಚುವ ಚಟ ಅಂಟಿತು. ನಿಮ್ಮ ಅಜ್ಜ ಹೋಗಿ ಮೂರು ವರ್ಷವಾಯಿತು. ಈ ಚಟ ಮಾತ್ರ ನಮ್ಮ ಅಂಗಳದಲ್ಲಿ ಕಾಲು ಚಾಚಿ ಮಲಗಿದೆ.

ನಿನ್ನೆ ರಾತ್ರಿ ಇಷ್ಟು ಬರೆದ ಮೇಲೆ ನನಗೇ ಏನೋ ಧೈರ್ಯ ಬಂತು. ಕಣ್ಣಿಗೆ ಕಾಣುವುದನ್ನು ಮನೆಯಲ್ಲಿ ಮಾಡಿಕೊಳ್ಳಬಹುದು. ಹೊಟ್ಟೆಯೊಳಗಿನದನ್ನು ಬಲ್ಲವರ ಮುಂದೆ ನಿಜ ಹೇಳಿ ತೋರಿಸಬೇಕು. ಇಂದು ಬೆಳಿಗ್ಗೆ ನೀವು ಶಾಲೆಗೆ ಹೋದ ಮೇಲೆ ಅಂಗಳಕ್ಕೆ ಹೋಗಿ, "ವೀರೇಶ, ಷೋರೂಮಿಗೆ ನಡಿಯಪ್ಪ, ನಾನೂ ಬರ್ತೀನಿ" ಎಂದೆ. ಕೆಲಸಕ್ಕೆ ಹೋಗುವ ಮೊದಲು ಭಾನುವಾರದ ಸೋರಿಕೆಯನ್ನೇ ಮತ್ತೆ ಕೆದಕುತ್ತಿದ್ದ ನಿಮ್ಮ ಅಪ್ಪನ ಕೈಯಿಂದ ನಟ್ಟು ತಿರುಗಿಸುವ ಪಾನಾ ಜಾರಿ ಬಿತ್ತು.

ಷೋರೂಮಿನ ಕೌಂಟರಿನ ಹುಡುಗಿ ನಿಮ್ಮ ಅಪ್ಪನನ್ನು ನೋಡಿ, "ಸರ್, ನಿಮ್ಮ ಗಾಡಿನಾ?" ಎಂದು ಎದ್ದು ನಿಂತಳು. ನಿಮ್ಮ ಅಜ್ಜ ಹೋದ ಮೇಲೆ ಅದು ನನ್ನ ಹೆಸರಿಗೆ ಆಗಿದೆಯಲ್ಲ, "ನಂದವ್ವ" ಎಂದೆ ನಾನು. ಏನು ಕಂಪ್ಲೇಂಟು ಎಂದು ಕೇಳಿದಳು. ನೀರು ಸೋರುವುದನ್ನು ಹೇಳಿದೆ. ಹಿಂದಿನ ಎಡಬಾಗಿಲು ಒದೆಯದೆ ಮುಚ್ಚುವುದಿಲ್ಲ ಎಂದೆ. ಬಲಕ್ಕೆ ತಿರುಗಿಸಿದರೆ ತಾನೇ ಹಾರನ್ ಹೊಡೆಯುತ್ತದೆ, ಎಡಕ್ಕಾದರೆ ನಾವು ಹೊಡೆದರೂ ಇಲ್ಲ ಎಂದೆ. ಅವಳು ಹಾಳೆ ತುಂಬಿಸಿ, ತಿರುವಿ ಹಿಂಬದಿಯಲ್ಲೂ ಬರೆದಳು. ನಿಮ್ಮ ಅಪ್ಪ ಗೋಡೆಯ ಕ್ಯಾಲೆಂಡರ್ ಓದುತ್ತಾ ನಿಂತಿದ್ದ. ಕಡೆಗೆ ಅವಳು ಪೆನ್ನು ಮುಚ್ಚಿ, "ಆಯ್ತಾ ಅಜ್ಜಿ?" ಎಂದಳು.

"ಕುಂದ್ರವ್ವಾ," ಎಂದೆ ನಾನು, "ಇನ್ನೂ ಎಂಜಿನ್ನಿಗೆ ಬಂದಿಲ್ಲ."