ಕಿಟಕಿ ಒಡೆದದ್ದು ಯಾರು

ಅಬುಧಾಬಿಯಲ್ಲಿ ನಮ್ಮ ಪಕ್ಕದ ವಿಲ್ಲಾದಲ್ಲಿ ಐರ್ಲೆಂಡಿನ ಮುದುಕರೊಬ್ಬರಿದ್ದರು. ಪ್ರಾಯದಲ್ಲಿ ಹರ್ಲಿಂಗ್ ಆಡಿದವರು. ಅಗಲ ತುದಿಯ ಕೋಲಿನಿಂದ ಚೆಂಡು ಹೊಡೆಯುವ ಆಟ ಅದು. ಸೊಟ್ಟಗಾದ ಬೆರಳುಗಳನ್ನು ತೋರಿಸಿ, "ಇಪ್ಪತ್ತು ವರ್ಷ ಆಡಿದೆ, ಗುರಿ ತಪ್ಪಿಲ್ಲ" ಎನ್ನುತ್ತಿದ್ದರು.

ಮಕ್ಕಳೇ, ನೀವು ಟ್ಯೂಷನ್‌ಗೆ ಹೋಗಿದ್ದ ಒಂದು ಸಂಜೆ ಅವರು ತಮ್ಮ ಕೋಲನ್ನು ನನ್ನ ಕೈಗಿತ್ತರು. ಊರ ಶಾಲೆಯಲ್ಲಿ ಚಿನ್ನಿದಾಂಡು ಆಡಿದ ಜಂಬ ನನಗೆ. ಸೆರಗು ಸಿಕ್ಕಿಸಿ ಬೀಸಿದೆ. ನಮ್ಮದೇ ಅಡುಗೆಮನೆಯ ಕಿಟಕಿ ಪುಡಿಯಾಯಿತು.

ನಿಮ್ಮಪ್ಪ ಓಡಿಬರುವಷ್ಟರಲ್ಲಿ ಅವರು ಕೋಲು ಕಸಿದುಕೊಂಡಿದ್ದರು. "ನನ್ನ ಗುರಿ ತಪ್ಪಿತು ಮಾರಾಯ" ಎಂಬಂತೆ ಕೈಚೆಲ್ಲಿದರು.

"ಸಾಕು ಅಂಕಲ್, ಈ ವಯಸ್ಸಲ್ಲಿ ಇನ್ನು ಆಟ ಖಲಾಸ್!" ಎಂದ ನಿಮ್ಮಪ್ಪ.

ನಾನು ತಲೆತಗ್ಗಿಸಿ ಗಾಜು ಗುಡಿಸಿದೆ. ಆಮೇಲೆ ಅವರು ಆ ಸೊಟ್ಟ ಬೆರಳುಗಳನ್ನು ಯಾರಿಗೂ ತೋರಿಸಲಿಲ್ಲ. ಮಕ್ಕಳೇ, ಇದನ್ನು ನಿಮ್ಮಪ್ಪನಿಗೆ ನೀವೇ ಓದಿ ಹೇಳಿ. ನಾನು ಆಗ ಕೋಣೆಯಲ್ಲಿರುತ್ತೇನೆ, ಬಾಗಿಲು ಹಾಕಿಕೊಂಡು.