ತಾತನ ಕಟ್ಟೆಗೆ ಬಂದ ತಪಾಸಣೆ

ನಮ್ಮ ತೋಟದ ನಡುವೆ ಮರವಿಲ್ಲದ ಒಂದು ಉದ್ದ ಪಟ್ಟಿ ಇದೆಯಲ್ಲ ಮಕ್ಕಳೇ, ರಜೆಗೆ ಬಂದಾಗ ನೀವು ಕ್ರಿಕೆಟ್ ಆಡುವ ಜಾಗ, ಅದರಡಿಯಲ್ಲಿ ಎಣ್ಣೆ ಪೈಪು ಹೋಗಿದೆ. ಸಮುದ್ರದ ಕಡೆಯಿಂದ ಪೆಟ್ರೋಲು, ಡೀಸೆಲು ಬೆಂಗಳೂರಿಗೆ ಹರಿಯುತ್ತದಂತೆ. ಮೊದಲು ಅದನ್ನು ಊರಾಚೆಯ ಕಾವಲಿನ ಹುಲ್ಲುಗಾವಲಿನಲ್ಲಿ ಹಾಕುವವರಿದ್ದರು. ಅದು ಸಂರಕ್ಷಿತ ಜಾಗ, ಅಲ್ಲಿ ಜಿಂಕೆಗಳಿವೆ, ಪೈಪು ಒಡೆದರೆ ಅವುಗಳ ಗತಿಯೇನು ಎಂದು ಯಾರೋ ದೊಡ್ಡವರು ಯೋಚಿಸಿದರು. ಯೋಚಿಸಿ ನಮ್ಮ ತೋಟದ ಕಡೆಗೆ ತಿರುಗಿಸಿದರು. ಜಿಂಕೆಗಳ ಮೇಲೆ ನನಗೆ ಕೋಪವಿಲ್ಲ. ಅವೇನು ಅರ್ಜಿ ಹಾಕಿರಲಿಲ್ಲ.

ಜಮೀನು ನಿಮ್ಮದೇ, ಆದರೆ ಪಟ್ಟಿಯ ಮೇಲೆ ಮರ ನೆಡಬಾರದು, ಬಾವಿ ತೋಡಬಾರದು, ಏನೂ ಕಟ್ಟಬಾರದು, ಬೆಂಕಿಯಂತೂ ಹಾಕಲೇಬಾರದು ಎಂದರು. ಹಳದಿ ಕಂಬ ನೆಟ್ಟರು. ಒಬ್ಬ ಕಾವಲುಗಾರ ದಿನವೂ ಪೈಪಿನುದ್ದಕ್ಕೂ ನಡೆದು ನೋಡುತ್ತಾನೆ ಎಂದರು. ಅವನ ನಡಿಗೆ ಗುಬ್ಬಿ ಪೇಟೆಯ ಹೋಟೆಲುಗಳನ್ನು ದಾಟಿ ನಮ್ಮ ತೋಟದವರೆಗೆ ಬಂದದ್ದನ್ನು ನಾನು ಕಂಡಿಲ್ಲ.

ನಿಮ್ಮ ತಾತ ತೀರಿಕೊಂಡಾಗ ಪದ್ಧತಿಯಂತೆ ಸ್ವಂತ ತೋಟದಲ್ಲೇ ದಹನವಾಯಿತು. ಎಲ್ಲಿ ನೋಡಿದರೂ ತೆಂಗಿನ ಮರ. ಚಿತೆ ಒಟ್ಟಲು ಬಯಲಾಗಿದ್ದದ್ದು ಆ ಪಟ್ಟಿಯೊಂದೇ. ಊರಿನ ಗಂಡಸರೆಲ್ಲ ಸೇರಿ, ನೆಲದಡಿ ಏನಿದೆ ಎಂಬುದು ಒಬ್ಬರಿಗೂ ಹೊಳೆಯದೆ, ಅಲ್ಲೇ ಬೆಂಕಿ ಇಟ್ಟರು. ಹಳದಿ ಕಂಬಕ್ಕೆ ಟವೆಲು ನೇತುಹಾಕಿದವರೂ ಇದ್ದರು. ಆಮೇಲೆ ಅದೇ ಜಾಗದಲ್ಲಿ ಇಟ್ಟಿಗೆಯ ಪುಟ್ಟ ಕಟ್ಟೆ ಕಟ್ಟಿಸಿದೆವು. ಸಂಜೆ ದೀಪ ಇಟ್ಟು, ಅವರು ಬದುಕಿದ್ದಾಗ ಆಡದ ಮಾತನ್ನೆಲ್ಲ ಅಲ್ಲಿ ಆಡುತ್ತಿದ್ದೆ.

ಹೋದ ವರ್ಷ ಜೀಪು ಬಂತು. ಸುರಕ್ಷತೆಯ ತಪಾಸಣೆಯಂತೆ. ತುಮಕೂರಿನಿಂದ ಬಂದಿದ್ದ ಅಧಿಕಾರಿಯ ಎದುರು ನನ್ನ ಮೈದುನ, ಅಂದರೆ ನಿಮ್ಮ ಚಿಕ್ಕತಾತ, ನಿಂತಿದ್ದ. ನಾನು ಮರದ ಮರೆಯಲ್ಲಿದ್ದೆ.

"ಇಲ್ಲಿಂದ ಸಮುದ್ರ ತೀರ ಎಷ್ಟು ದೂರ?" ಎಂದು ಅಧಿಕಾರಿ ಮೊಬೈಲು ನೋಡುತ್ತ ಕೇಳಿದರು.

"ನಾವ್ ಕಂಡಿಲ್ಲ ಸಾ. ಹೋಗ್ಬರ್ಬೇಕಿತ್ತಾ?"

"ಎಲ್ಲಾ ಊರಿಗೂ ಇದೇ ಪ್ರಶ್ನೆ ರೀ, ತುಂಬ್ಲೇಬೇಕು. ಸಂರಕ್ಷಿತ ಪ್ರದೇಶವೇ?"

"ಅದು ಆ ಕಡೆ, ಜಿಂಕೆ ಇರೋ ಕಡೆ. ಇಲ್ಲಿ ಬರೀ ಮನುಷ್ರು."

"ಹಾಗಾದ್ರೆ ಇಲ್ಲ," ಎಂದು ಮೊಬೈಲಿನಲ್ಲಿ ಒತ್ತಿಕೊಂಡರು. ಅಷ್ಟರಲ್ಲಿ ಕಟ್ಟೆ ಕಣ್ಣಿಗೆ ಬಿತ್ತು. "ಏನ್ರೀ ಇದು ಕಟ್ಟಡ? ಇದ್ರಲ್ಲಿ ಯಾರಾದ್ರೂ ಇದಾರಾ?"

"ನಮ್ಮಣ್ಣ ಅವ್ನೆ."

"ಖಾಲಿ ಮಾಡ್ಸಿ."

"ನೀವೇ ಒಂದ್ಮಾತು ಹೇಳ್ನೋಡಿ ಸಾ. ಬದುಕಿದ್ದಾಗ್ಲೇ ಯಾರ್ ಮಾತೂ ಕೇಳ್ತಿರ್ಲಿಲ್ಲ."

ಸಮಾಧಿ ಎಂದು ತಿಳಿದ ಮೇಲೆ ಅವರ ದನಿ ತಗ್ಗಿತು, ಹಟ ತಗ್ಗಲಿಲ್ಲ. ವಾರದೊಳಗೆ ಒಡೆಯಬೇಕು, ಇಲ್ಲದಿದ್ದರೆ ನಾವೇ ಜೆಸಿಬಿ ತಂದು ಒಡೆಸುತ್ತೇವೆ ಎಂದರು. ಪೆಟ್ರೋಲು ಪೈಪಿನ ನೆತ್ತಿಯ ಮೇಲೆ ಜೆಸಿಬಿ! ಇಷ್ಟು ಹೇಳಿ ಹಣತೆ ನೋಡಿದವರೇ ಹೌಹಾರಿದರು.

"ದೀಪ ಬೇರೆ ಹಚ್ತೀರಾ? ಒಂದ್ ಕಿಡಿ ಸಾಕು, ಊರೇ ಹೋಗುತ್ತೆ!"

ಮೈದುನನಿಗೆ ರೇಗಿತು. "ಕಿಡಿ ಏನ್ ಸಾ ಕಿಡಿ? ಗಾಡಿ ಸೌದೆ ಒಟ್ಟಿ ನಮ್ಮಣ್ಣನ್ನ ಸುಟ್ಟಿದ್ದೇ ಇಲ್ಲಿ. ಆಗ ನಿಮ್ಮೋರು ಒಬ್ರೂ ಬರ್ಲಿಲ್ವಲ್ಲ!"

ಅಧಿಕಾರಿ ಚಿತೆ ಈಗಲೇ ಉರಿಯುತ್ತಿರುವಂತೆ ಹಿಂದಕ್ಕೆ ಸರಿದರು. ಕಾವಲುಗಾರ ದಿನವೂ ನಡೆದಿದ್ದಾನೆ, ಎಲ್ಲ ಸರಿಯಿದೆ ಎಂದು ಸಹಿ ಹಾಕುತ್ತ ಬಂದವರು ಇವರೇ ಅಂತೆ. ಮೈದುನನ ಕೈ ಹಿಡಿದುಕೊಂಡರು. "ಯಜಮಾನ್ರೇ, ಅದನ್ನ ಎಲ್ಲೂ ಬಾಯಿ ಬಿಡ್ಬೇಡಿ. ಕಟ್ಟೆ ಇದ್ದಂಗೇ ಇರ್ಲಿ. ಗಿಡಗಂಟಿ ಅಂತ ಬರ್ಕೋತೀನಿ."

"ಆಯ್ತಲ್ಲ ಅತ್ಗೆ, ಅಣ್ಣ ಉಳ್ಕಂಡ!" ಎಂದು ಮೈದುನ ನನ್ನತ್ತ ತಿರುಗಿ ಮೀಸೆ ಸವರಿದ.

ಉಳಿದದ್ದೇನೋ ನಿಜ, ಗಿಡಗಂಟಿಯಾಗಿ. ಒಂದು ಕಿಡಿಗೆ ಊರೇ ಹೋಗುತ್ತದೆ ಎಂದು ಆಗಷ್ಟೇ ಕೂಗಿದವರು, ತಮ್ಮ ಸಹಿಗೆ ಕುತ್ತು ಬಂದ ಕೂಡಲೇ ಊರನ್ನು ಬಿಟ್ಟುಕೊಟ್ಟಿದ್ದರು. ರಜೆಯಲ್ಲಿ ಆ ಪಟ್ಟಿಯ ಮೇಲೆ ಓಡಾಡುವುದು ನೀವಲ್ಲವೇ ಮಕ್ಕಳೇ? ಸೆರಗು ಹೊದ್ದು ಮರೆಯಿಂದ ಈಚೆಗೆ ಬಂದೆ.

"ಸಮಾಧಿ ಅಂತಲೇ ಬರ್ಕೊಳ್ಳಿ ಸ್ವಾಮಿ. ನಾವೇ ಕೈಯಾರೆ ತೆಗೀತೀವಿ, ಜೆಸಿಬಿ ತರ್ಬೇಡಿ. ಸುಟ್ಟಿದ್ದೂ ಬರ್ಕೊಳ್ಳಿ. ಇನ್ನೊಬ್ರು ಸುಡದಂಗೆ ಊರಲ್ಲಿ ಹೇಳಿ."

"ಅದೊಂದ್ ಬೇಡಮ್ಮ," ಎಂದವರೇ ಜೀಪು ಹತ್ತಿದರು.

ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿ, ಹಿತ್ತಲಿನಲ್ಲಿ ಮತ್ತೆ ಕಟ್ಟಿದೆವು. ಬಚ್ಚಲಿನ ಪಕ್ಕ ಅಣ್ಣನನ್ನು ಕೂರಿಸಿದೆವಲ್ಲ ಎಂದು ಮೈದುನ ಇನ್ನೂ ಗೊಣಗುತ್ತಾನೆ.

ಮೊನ್ನೆ ಪಕ್ಕದ ತೋಟದ ಮುದುಕಿ ತೀರಿಹೋದಳು. ಪೈಪಿನ ಪಟ್ಟಿ ಅವರ ತೋಟದಲ್ಲೂ ಹಾದುಹೋಗಿದೆ; ಸೌದೆಯ ಟ್ರ್ಯಾಕ್ಟರು ನೇರ ಅಲ್ಲಿಗೇ ತಿರುಗಿತು. ಸುಡುವ ಜಾಗಕ್ಕೆ ಹೆಂಗಸರು ಹೋಗುವುದಿಲ್ಲ ನಮ್ಮಲ್ಲಿ. ನಾನು ಹೋಗಿ ಅಡ್ಡ ನಿಂತೆ.

"ಅಲ್ಲಿ ಬ್ಯಾಡ ಕಣ್ರಪ್ಪಾ, ಅಡೀಲಿ ಪೆಟ್ರೋಲ್ ಐತೆ!"

"ನಿಮ್ಮೆಜಮಾನ್ರುನ್ನ ಈ ಪಟ್ಟಿ ಮೇಲೇ ಸುಡ್ಲಿಲ್ವೇನಮ್ಮ? ಏನಾಯ್ತು?" ಎಂದು ಒಬ್ಬ ಕೇಳಿದ.

ನಾನು ಜರುಗಲಿಲ್ಲ. ಕೊನೆಗೆ ಬೈದುಕೊಂಡೇ ಟ್ರ್ಯಾಕ್ಟರು ತಿರುಗಿಸಿದರು.