ಹಲ್ಲಿನ ಗುರುತಿದ್ದ ಸ್ಕ್ರೂಡ್ರೈವರ್

ಹಳೆಯ ಟ್ರಂಕು ತೆರೆದಾಗ ಸುಟ್ಟ ಆಯಿಲಿನ ವಾಸನೆ ಬಂತು. ಬಟ್ಟೆಯಲ್ಲಿ ಸುತ್ತಿಟ್ಟ ಉದ್ದನೆಯ ಸ್ಕ್ರೂಡ್ರೈವರ್. ಅದರ ಮರದ ಹಿಡಿಯ ತುಂಬ ಹಲ್ಲಿನ ಗುರುತುಗಳು... ಮಿಸ್ತ್ರಿ ಚಾಚಾರವು.

ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಕಚೇರಿ ಕೆಲಸಕ್ಕೆ ಬರುವವರನ್ನು ಇರಕಲ್ಲಗಡದಿಂದ ನನ್ನ ಹಳೆಯ ಡೀಸೆಲ್ ಜೀಪಿನಲ್ಲಿ ತರುತ್ತಿದ್ದೆ. ಮನೆ ನಡೆಯುತ್ತಿದ್ದುದೇ ಅದರಿಂದ. ಒಂದು ಬೇಸಿಗೆ ಜೀಪು ಎಳೆಯುವುದನ್ನೇ ಮರೆಯಿತು. ಸಣ್ಣ ಏರು ಬಂದರೂ ಕರಿ ಹೊಗೆ ಬಿಟ್ಟು ಏದುತ್ತಿತ್ತು. ಜನ ಇಳಿದು ನಡೆಯುತ್ತಿದ್ದರು. ಪಂಪು ಬಿಚ್ಚಿಸಿದೆ, ಫಿಲ್ಟರ್ ಬದಲಿಸಿದೆ. ಬಲ್ಲವರೆಲ್ಲ ಇಂಜಿನ್ ಮುಗಿಯಿತು, ಗುಜರಿಗೆ ಹಾಕು ಎಂದರು.

ಕೊನೆಗೆ ಗಂಗಾವತಿ ರಸ್ತೆಯ ಬೇವಿನ ಮರದಡಿ ಗಾಡಿ ರಿಪೇರಿಯ ಶೆಡ್ಡು ಹಾಕಿದ್ದ ಚಾಚಾರ ಹತ್ತಿರ ಹೋದೆ. ಕಿವಿ ಕೇಳದ ಮಿಸ್ತ್ರಿ ಏನು ಪತ್ತೆ ಹಚ್ಚಿಯಾರು ಎಂದು ಒಳಗೊಳಗೇ ನಕ್ಕಿದ್ದೆ, ಸುಳ್ಳೇಕೆ ಹೇಳಲಿ. ಅವರು ಇಂಜಿನ್ ಚಾಲೂ ಮಾಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಆನಿಸಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದರು. ಸದ್ದು ಹಲ್ಲಿನ ಮೂಲಕ ತಲೆಯೊಳಗೆ ಇಳಿಯುತ್ತದಂತೆ. ಅವರ ಹೆಗಲ ಮೇಲೆ ಬೇವಿನ ಹೂ ಉದುರುತ್ತಿತ್ತು... ನಿಂತಲ್ಲೇ ನಿದ್ದೆ ಹೋದರೇನೋ ಅಂದುಕೊಂಡೆ.

"ಟ್ಯಾಪೆಟ್ ಎಷ್ಟ ಸಲ ಸೆಟ್ ಮಾಡಿಸಿದಿ?" ಎಂದರು. ವಾಲ್ವಿನ ಸಂದು ಸರಿಪಡಿಸುವ ಆ ಕೆಲಸಕ್ಕೆ ಮೂರು ಸಲ ದುಡ್ಡು ಸುರಿದಿದ್ದೆ; ಮೂರು ಬೆರಳು ತೋರಿಸಿದೆ.

"ಮತ್ತ ಮತ್ತ ಸಡಿಲ ಆಗ್ತೈತಿ, ಹೌದಲ್ಲೋ? ಕ್ಯಾಮ್ ಸವದೈತಿ ತಮ್ಮಾ. ವಾಲ್ವ್ ಪೂರಾ ತೆರಿಯಂಗಿಲ್ಲ, ಇಂಜಿನ್‌ಗೆ ಉಸಿರ ಸಿಗವಲ್ದು. ಗುಜರಿಗೆ ಹಾಕಬ್ಯಾಡ."

ಬಿಚ್ಚಿ ನೋಡಿದರೆ ಹಾಗೇ ಇತ್ತು. ವಾಲ್ವುಗಳನ್ನು ಎತ್ತುವ ಆ ಸರಳಿನ ಮೇಲೆ ಒಂದು ಉಬ್ಬು ಸವೆದು ನುಣ್ಣಗಾಗಿತ್ತು. ಹೊಸದು ಹಾಕಿದ ಮೇಲೆ ಜೀಪು ತುಂಬಿದ ಜನರೊಂದಿಗೆ ಏರು ಹತ್ತಿತು. ನನಗೆ ಕಣ್ಣೀರೇ ಬಂತು.

ಮನೆಗೆ ಬಂದು ನೋಡಿದರೆ ಅವರ ಸ್ಕ್ರೂಡ್ರೈವರ್ ನನ್ನ ಸೀಟಿನ ಕೆಳಗೇ ಉಳಿದಿತ್ತು. ನಾಳೆ ಕೊಟ್ಟರಾಯಿತು ಅಂದುಕೊಂಡೆ... ಜೀಪು ಮತ್ತೆ ಕೆಡಲಿಲ್ಲ, ಆ ಕಡೆ ಹೋಗುವ ಪ್ರಸಂಗವೇ ಬರಲಿಲ್ಲ. ಎರಡು ವರ್ಷ ಬಿಟ್ಟು ಹೋದಾಗ ಶೆಡ್ಡಿಗೆ ಬೀಗ ಬಿದ್ದಿತ್ತು.

"ಚಾಚಾ ತೀರಿಕೊಂಡ್ರಲ್ರಿ," ಎಂದ ಪಕ್ಕದ ಪಂಕ್ಚರ್ ಅಂಗಡಿಯವನು. "ಅದಕ್ಕೂ ಮೊದ್ಲ ಕೆಲಸಾನ ಬಿಟ್ಟಿದ್ರು. ಅದೊಂದ ಸ್ಕ್ರೂಡ್ರೈವರ್ ಭಾಳ ಹುಡುಕಿದ್ರು. ಬ್ಯಾರೇದ ಕಚ್ಚಿದ್ರ, 'ಇದರಾಗ ಕೇಳಂಗಿಲ್ಲೋ' ಅಂತಿದ್ರು."

ಈಗ ಜೀಪೂ ಇಲ್ಲ. ಇವತ್ತು ಮಗಳ ಸ್ಕೂಟಿ ಚಾಲೂ ಮಾಡಿ, ಸ್ಕ್ರೂಡ್ರೈವರ್ ಆನಿಸಿ, ಅವರ ಹಲ್ಲಿನ ಗುರುತಿನ ಮೇಲೆಯೇ ಕಚ್ಚಿ ಕಣ್ಣು ಮುಚ್ಚಿದೆ. ತಲೆ ತುಂಬ ಸದ್ದು. ಇಷ್ಟು ಚೆನ್ನಾಗಿ ಕೇಳುವ ಕಿವಿಯನ್ನು ನಾನು ಟ್ರಂಕಿನಲ್ಲಿಟ್ಟು ಮರೆತಿದ್ದೆ.